ಹೆವಿ ಮೆಟಲ್ ಎಂಬ ಜೋರು ರಾಕ್ ಸಂಗೀತ ಶುರುವಾಗಿದ್ದೇ ಇಂಗ್ಲೆಂಡಿನ ತಂಡ ಬ್ಲ್ಯಾಕ್ ಸಬತ್‌ನಿಂದ ಅಂತಾರಲ್ಲ, ಯಾಕೆ?

ಜೋರು ಗಿಟಾರ್ ಆಗಲೇ ಲೆಡ್ ಜೆಪೆಲಿನ್ ಎಂಬ ರಾಕ್ ತಂಡದ ಹತ್ತಿರವೂ ಇತ್ತು. ಆದರೆ ಆ ಭಾರ, ಆ ಕತ್ತಲೆ ಬಂದಿದ್ದು ಸಬತ್‌ನಿಂದಲೇ. ಅದರ ಹಿಂದೆ ಒಂದು ಅಪಘಾತವಿದೆ.

ಸಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹುಡುಗ. 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಕೆಲಸ ಬಿಡುವ ಕೊನೆಯ ದಿನವೇ ಬಲಗೈಯ ಎರಡು ಬೆರಳ ತುದಿ ಮಷಿನ್‌ಗೆ ಸಿಕ್ಕಿ ಹೋದವು. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಅದು! ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮೇಲೆ ಚರ್ಮದ ತುಂಡು ಅಂಟಿಸಿದ. ತೆಳು ತಂತಿ ಹಾಕಿದ. ಮುಂದೆ 1971ರ ಆಲ್ಬಮ್ ಹೊತ್ತಿಗೆ ಶ್ರುತಿಯನ್ನೂ ಇಳಿಸಿ ತಂತಿ ಸಡಿಲ ಮಾಡಿದ. ನಾದ ಇನ್ನೂ ತಗ್ಗಿ, ದಪ್ಪವಾಯಿತು. ಇವತ್ತಿಗೂ ಎಷ್ಟೋ ಮೆಟಲ್ ತಂಡಗಳು ಹೀಗೆ ಶ್ರುತಿ ಇಳಿಸಿಯೇ ನುಡಿಸುತ್ತವೆ.

1968ರಲ್ಲಿ ಕಟ್ಟಿದ ತಂಡದಲ್ಲಿ ಆಜಿ ಆಸ್ಬೋರ್ನ್ ಹಾಡುಗಾರ, ಗೀಜರ್ ಬಟ್ಲರ್ ಬಾಸ್, ಬಿಲ್ ವಾರ್ಡ್ ಡ್ರಮ್ಸ್. ಮೊದಲ ಆಲ್ಬಮ್ ಫೆಬ್ರವರಿ 1970ರಲ್ಲಿ ಬಂತು. ಶುರುವಿಗೇ ಮಳೆ, ಗಂಟೆಯ ಸದ್ದು, ಆಮೇಲೆ ಮೂರೇ ಸ್ವರಗಳ ಆ ನಿಧಾನದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು). ರಾತ್ರಿ ಒಬ್ಬರೇ ಕೇಳಿ ನೋಡಿ, ಗೊತ್ತಾಗುತ್ತೆ. ವಿಮರ್ಶಕರು ಆಗ ಸುಮ್ನೆ ಬೈದರು, ಜನ ಕೊಂಡರು.

1979ರಲ್ಲಿ ಆಜಿಯನ್ನು ತೆಗೆದರು, ಹಾಡಲು ರಾನಿ ಜೇಮ್ಸ್ ಡಿಯೋ ಬಂದರು. ನನಗೆ ಆ ಕಾಲದ ಹಾಡುಗಳೂ ಇಷ್ಟವೇ, ಜಗಳ ಬೇಡ.

ಜುಲೈ 5, 2025ರಂದು ಮೊದಲಿನ ನಾಲ್ವರೂ ತಮ್ಮೂರಿನ ಫುಟ್‌ಬಾಲ್ ಮೈದಾನ ವಿಲ್ಲಾ ಪಾರ್ಕ್‌ನಲ್ಲಿ ಕೊನೆಯ ಸಲ ನುಡಿಸಿದರು. ಬೆಂಗಳೂರಿಗೂ ಬಂದು ಹೋಗಿದ್ದ ಮೆಟಲ್ ತಂಡ ಮೆಟಾಲಿಕಾ ಅದೇ ವೇದಿಕೆಯಲ್ಲಿ ಸಬತ್ ಹಾಡು ನುಡಿಸಿತು. ಆಜಿ ಕೂತೇ ಹಾಡಿದರು. 17 ದಿನಕ್ಕೆ ತೀರಿಕೊಂಡರು.