ಮೈಕ್ರೋವೇವ್ ಒಳಗೆ ಕಿಡಿ ಹಾರ್ತಿದ್ರೆ ಮೊದ್ಲು ಮೈಕಾ ಶೀಟ್ ನೋಡಿ

ಬಿಸಿ ಚೆನ್ನಾಗೇ ಆಗತ್ತೆ, ಆದ್ರೆ ಒಳಗೆ ಬಲಗಡೆ ಗೋಡೆ ಹತ್ರ ಚಟಚಟ ಅಂತ ಕಿಡಿ ಹಾರತ್ತೆ, ಸುಟ್ಟ ವಾಸನೆ ಬರತ್ತೆ, ಮೈಕ್ರೋವೇವ್ ಹೋಯ್ತಾ ಅಂತ ಕೇಳಿದೀರಿ. ಬಹುಶಃ ಇಲ್ಲ, ಆದ್ರೆ ಸರಿ ಮಾಡೋ ತನಕ ದಯವಿಟ್ಟು ಆನ್ ಮಾಡ್ಬೇಡಿ. ಆ ಗೋಡೇಲಿ ತೆಳ್ಳಗೆ ರಟ್ಟಿನ ಥರ ಒಂದು ಹಾಳೆ ಇರತ್ತೆ ನೋಡಿ, ಅದು ಮೈಕಾ ಶೀಟ್, ಮ್ಯಾಗ್ನೆಟ್ರಾನ್‌ನಿಂದ (ಬಿಸಿ ಮಾಡೋ ಅಲೆಗಳನ್ನ ಹುಟ್ಟಿಸೋ ಭಾಗ) ಅಲೆಗಳು ಒಳಗೆ ಬರೋ ದಾರಿಗೆ ಅದೇ ಮುಚ್ಚಳ. ಎಣ್ಣೆ ಜಿಡ್ಡು ಸಿಡಿದು ಅದರ ಮೇಲೆ ಕೂತು, ಮತ್ತೆ ಮತ್ತೆ ಬಿಸಿಯಾಗಿ ಕರಕಲಾಗಿ ಇಂಗಾಲ ಆಗ್ಬಿಡತ್ತೆ, ಇಂಗಾಲದಲ್ಲಿ ಕರೆಂಟ್ ಹರಿಯತ್ತಲ್ಲ, ಅದಕ್ಕೇ ಕಿಡಿ.

ಪ್ಲಗ್ ತೆಗೆದು ಶೀಟ್ ಬಿಚ್ಚಿ, ಕೆಲವದ್ರಲ್ಲಿ ಸ್ಕ್ರೂ ಇರತ್ತೆ, ಕೆಲವದ್ರಲ್ಲಿ ಬರೀ ಕ್ಲಿಪ್. ಜಿಡ್ಡಷ್ಟೇ ಆದ್ರೆ ಒದ್ದೆ ಬಟ್ಟೇಲಿ ಒರೆಸಿ ಪೂರ್ತಿ ಒಣಗಿಸಿ ಹಾಕಿ. ಸುಟ್ಟು ಕಪ್ಪಾಗಿದ್ರೆ, ತೂತಾಗಿದ್ರೆ ಹೊಸದೇ ಬೇಕು, ದೊಡ್ಡ ಶೀಟ್ ತಗೊಂಡು ಹಳೇದರ ಅಳತೆಗೆ ಕತ್ತರೀಲಿ ಕತ್ತರಿಸ್ಕೋಬಹುದು. ಗೋಡೆ ಪೇಂಟ್ ಎದ್ದು ತಗಡು ಕಾಣ್ತಿದ್ರೂ ಕಿಡಿ ಬರತ್ತೆ, ಅದನ್ನೂ ನೋಡಿ.

ಹೊರಗಿನ ಕವರ್ ಮಾತ್ರ ನೀವು ಬಿಚ್ಚಲೇಬೇಡಿ! ಪ್ಲಗ್ ತೆಗೆದ್ಮೇಲೂ ಕೆಪಾಸಿಟರ್‌ನಲ್ಲಿ (ಕರೆಂಟ್ ಕೂಡಿಟ್ಕೊಳ್ಳೋ ಭಾಗ) ಜೀವಕ್ಕೇ ಅಪಾಯ ಆಗೋವಷ್ಟು ಕರೆಂಟ್ ಉಳಿದಿರಬಹುದು. ಶೀಟ್ ಬದಲಾಯಿಸಿದ್ಮೇಲೂ ಕಿಡಿ ನಿಲ್ಲದಿದ್ರೆ ಮೆಕ್ಯಾನಿಕ್‌ಗೆ ತೋರ್ಸಿ.

ಇನ್ನು ಕಿಡಿ ನಿಂತು ಸರಿ ಆದ್ಮೇಲೆ ಕ್ಲೀನಿಂಗ್‌ಗೆ, ಗಾಜಿನ ಬಟ್ಟಲಲ್ಲಿ ನೀರು, ನಿಂಬೆರಸ ಹಾಕಿ, ಒಂದು ಮರದ ಚಮಚ ಇಟ್ಟು (ಇಲ್ಲಾಂದ್ರೆ ನೀರು ಒಮ್ಮೆಲೇ ಉಕ್ಕಬಹುದು) 3-4 ನಿಮಿಷ ಬಿಸಿ ಮಾಡಿ, ಇನ್ನೈದು ನಿಮಿಷ ಬಾಗಿಲು ತೆಗೀದೆ ಬಿಡಿ, ಆಮೇಲೆ ಒರೆಸಿದ್ರೆ ಜಿಡ್ಡು ಸಲೀಸಾಗಿ ಬರತ್ತೆ. ಸ್ಟೀಲ್ ಸ್ಕ್ರಬರ್ ಬೇಡ, ಪೇಂಟ್ ಹೋಗತ್ತೆ.