‘ಲಾಟ್ ಆಫ್ ಪೀಪಲ್’ ಎಂದು ಬರೆದರೆ ತಪ್ಪೇ?

ಪ್ರಶ್ನೆ: ನಮ್ಮ ಸಹಕಾರ ಸಂಘದ ವಾರ್ಷಿಕ ಸಭೆಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ‘ಲಾಟ್ ಆಫ್ ಪೀಪಲ್ ವಾಸ್ ಪ್ರೆಸೆಂಟ್’, ‘ಫ್ಯೂ ಪೀಪಲ್ ಸ್ಪೋಕ್’, ‘ಎ ಬಂಚ್ ಆಫ್ ಮೆಂಬರ್ಸ್ ಲೆಫ್ಟ್ ಅರ್ಲಿ’ ಎಂದು ಬರೆದಿದ್ದೆ. ಕಾರ್ಯದರ್ಶಿಗಳು ಮೂರು ಕಡೆಯೂ ಕೆಂಪು ಗೆರೆ ಎಳೆದು ವಾಪಸು ಕೊಟ್ಟರು. ತಪ್ಪೇನೆಂದು ಹೇಳಲಿಲ್ಲ. ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ತಿಪಟೂರು

ಉತ್ತರ: ತಪ್ಪು ತೋರಿಸಿದವರು ಕಾರಣವನ್ನೂ ಹೇಳಬೇಕಿತ್ತು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಬರಿಯ ಕೆಂಪು ಗೆರೆಯಿಂದ ಯಾರೂ ಕಲಿತದ್ದನ್ನು ಕಂಡಿಲ್ಲ.

ಮೊದಲು ‘ಲಾಟ್’. ನಿಮ್ಮೂರಿನ ಮಾರುಕಟ್ಟೆಯಲ್ಲಿ ಟೆಂಡರಿಗಿಟ್ಟ ಕೊಬ್ಬರಿ ಚೀಲಗಳ ಗುಂಪಿಗೆ ಲಾಟ್ ಎನ್ನುತ್ತಾರಲ್ಲವೇ? ಆ ಲಾಟೇ ಇದು. ಚೀಟಿ ಎತ್ತಿ ಪಡೆದ ಪಾಲು ಎಂಬುದು ಇದರ ಹಳೆಯ ಅರ್ಥ. ಪಾಲಿನಿಂದ ಸರಕಿನ ಗುಂಪು, ಅದರಿಂದ ‘ಬಹಳ’ ಎಂಬ ಅರ್ಥ ಬಂತು. ಗುಂಪು ಒಂದು, ಆದ್ದರಿಂದ ‘ಎ ಲಾಟ್ ಆಫ್’ ಎಂದೇ ಬರೆಯಬೇಕು. ಇಲ್ಲವೇ ‘ಲಾಟ್ಸ್ ಆಫ್’ ಎನ್ನಿ. ಎರಡೂ ಬಿಟ್ಟ ಬರಿಯ ‘ಲಾಟ್ ಆಫ್’ ನಿಲ್ಲುವುದಿಲ್ಲ.

‘ವಾಸ್’ ಬಂದದ್ದು ನಮ್ಮ ಕನ್ನಡದಿಂದ ಎಂದು ನನಗೆ ತೋರುತ್ತದೆ. ‘ಜಾತ್ರೆಯಲ್ಲಿ ಜನ ತುಂಬಿತ್ತು’ ಎನ್ನುತ್ತೇವೆ, ‘ಜನ ಬಂದರು’ ಎಂದೂ ಎನ್ನುತ್ತೇವೆ. ಇಂಗ್ಲಿಷಿನ ‘ಪೀಪಲ್’ಗೆ ಇಲ್ಲಿ ಆ ಅನುಕೂಲವಿಲ್ಲ, ‘ವರ್’ ಎಂದೇ ಆಗಬೇಕು. ಮುಂದೆ ‘ಎ’ ಇದ್ದರೂ ಕ್ರಿಯಾಪದ ಬಹುವಚನವೇ. ‘ಒಂದಷ್ಟು ಜನ ಬಂದರು’ ಎಂಬ ಮಾತನ್ನು ನೆನೆಯಿರಿ: ಆರಂಭದಲ್ಲಿ ‘ಒಂದು’, ಕೊನೆಯಲ್ಲಿ ‘ಬಂದರು’.

ಎರಡನೆಯ ವಾಕ್ಯವೇ ನನ್ನನ್ನು ಹೆಚ್ಚು ಕಾಡಿದ್ದು, ಏಕೆಂದರೆ ಅದರಲ್ಲಿ ವ್ಯಾಕರಣದ ತಪ್ಪೇ ಇಲ್ಲ. ‘ಎ ಫ್ಯೂ ಪೀಪಲ್ ಸ್ಪೋಕ್’ ಎಂದರೆ ಕೆಲವರು ಮಾತನಾಡಿದರು. ‘ಎ’ ಬಿಟ್ಟರೆ ಮಾತನಾಡಿದವರೇ ಕಡಿಮೆ ಎಂದಾಗುತ್ತದೆ. ಎದ್ದು ನಿಂತು ಪ್ರಶ್ನೆ ಕೇಳಿದ ಸದಸ್ಯರಿಗೆ ಆ ವರದಿಯಿಂದ ಅನ್ಯಾಯವಾಗುತ್ತದೆ.

‘ಬಂಚ್’ ಎಂದರೆ ಗೊಂಚಲು: ಬೀಗದ ಕೈಗಳದ್ದು, ದ್ರಾಕ್ಷಿಯದ್ದು. ಜನರಿಗೆ ಹೇಳಿದರೆ ಅದು ಗೆಳೆಯರ ನಡುವಿನ ಸಲುಗೆಯ ಮಾತು. ಹಿಂದೊಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜನ ಅಂತ್ಯಕ್ರಿಯೆಗೆ ‘ಎ ಬಂಚ್ ಆಫ್ ಪೀಪಲ್’ ಬಂದಿದ್ದರೆಂದು ಬರೆದಿದ್ದಳು. ಅವಳು ಹೇಳಹೊರಟದ್ದು, ಮಳೆಯಲ್ಲಿ ನೆನೆಯುತ್ತಾ ಊರಿಗೆ ಊರೇ ನಿಂತಿತ್ತು ಎಂದು. ಆ ಪದ ಅಷ್ಟು ಭಾರವನ್ನು ಹೊರಲಿಲ್ಲ. ನಿಮ್ಮ ವರದಿಯಲ್ಲಿ ‘ಸಮ್ ಮೆಂಬರ್ಸ್’ ಸಾಕು. ನಾವು ‘ಬೆರಳೆಣಿಕೆಯಷ್ಟು’ ಎನ್ನುವ ಕಡೆ ‘ಎ ಹ್ಯಾಂಡ್‌ಫುಲ್ ಆಫ್’ ಹೊಂದುತ್ತದೆ, ವರದಿಯಲ್ಲೂ ನಡೆಯುತ್ತದೆ. ‘ಎ ಕಪಲ್ ಆಫ್’ ಇಬ್ಬರೋ ಮೂವರೋ ಎಂಬಂಥ ಸಡಿಲ ಮಾತು. ಖಚಿತವಾಗಿ ಇಬ್ಬರೇ ಆಗಿದ್ದರೆ ‘ಟು’ ಎಂದು ಬರೆಯಿರಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ‘ಎ ನಂಬರ್ ಆಫ್ ಮೆಂಬರ್ಸ್ ವರ್’ ಸರಿ. ‘ದ ನಂಬರ್ ಆಫ್ ಮೆಂಬರ್ಸ್ ವಾಸ್’ ಕೂಡ ಸರಿ. ಎರಡನೆಯದರಲ್ಲಿ ಮಾತು ಸಂಖ್ಯೆಯ ಬಗ್ಗೆ, ಸದಸ್ಯರ ಬಗ್ಗೆ ಅಲ್ಲ.

ಹೇಗೂ ಸಭೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿರುತ್ತೀರಿ. ಸಹಿಗಳನ್ನು ಎಣಿಸಿ, ಮೊದಲ ವಾಕ್ಯದಲ್ಲಿ ‘ಎ ಲಾಟ್ ಆಫ್’ ಬದಲು ಆ ಅಂಕಿಯನ್ನೇ ಹಾಕಿ, ‘ಮೆಂಬರ್ಸ್ ವರ್ ಪ್ರೆಸೆಂಟ್’ ಎಂದು ಮುಗಿಸಿ ಕಾರ್ಯದರ್ಶಿಗಳಿಗೆ ಕೊಡಿ.