ಗಾಡಿ ಮಾತು: ಜಂಗು ಹಿಡಿದ ಪಿಕಪ್‌ಗೆ ಮನ್ಯಾಗ ಬಣ್ಣ

ಪ್ರಶ್ನೆ: ಅಣ್ಣಾರ, ಅಪ್ಪನ ಕಾಲದ ಟಾಟಾ 207 ಐತಿ. ಬೆಲ್ಲ, ಗೊಬ್ಬರ ಹೇರಿ ಹೇರಿ ಹಿಂದಿನ ಬಾಡಿ ತಳ ಜಂಗು ತಿಂದೈತಿ. ಪುಟ್ಟಿ ತುಂಬಿ, ಮನಿ ಮುಂದ ನಾನಽ ಮಿಲಿಟರಿ ಹಸಿರು ಹೊಡೀಲೇನ್ರಿ?
– ಓದುಗರೊಬ್ಬರು, ಮುಧೋಳ

ಉತ್ತರ: ಆ ಹಸಿರು ಬ್ಯಾಡ್ರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆ ಗಾಡಿಗಳಿಗಷ್ಟ. ಬ್ಯಾರೆ ಬಣ್ಣ ಬೇಕಾದ್ರ ಆರ್‌ಟಿಒದಾಗ ಕೇಳಿ ಆರ್‌ಸಿ ತಿದ್ದಿಸ್ಕೋರಿ. ಹಳೇ ಬಣ್ಣಾನಽ ಹೊಡೆದ್ರ ಆ ತಿರುಗಾಟ ಇಲ್ಲ.

ಇನ್ನ ಜಂಗು. ಬೆಲ್ಲದ ಜಿಗಿ ಪಸೆ ಹಿಡಿದಿಡತೈತಿ, ಗೊಬ್ಬರದ ಉಪ್ಪು ಪತ್ರಾ (ಕಬ್ಬಿಣದ ತಗಡು) ತಿಂತೈತಿ. ಸ್ಕ್ರೂಡ್ರೈವರ್ ತುದೀಲೆ ಕುಟ್ಟಿ ನೋಡ್ರಿ. ಟಣ್ ಅಂದ್ರ ಗಟ್ಟಿ. ಪುಸಕ್ಕಂತ ಒಳಗ ಹೋದ್ರ ಅಷ್ಟು ಕತ್ತರಿಸಿ ಹೊಸಾ ಪತ್ರಾ ವೆಲ್ಡಿಂಗ್ ಮಾಡಸ್ರಿ, ಬ್ಯಾಟರಿ ವಾಯರ್ ಮೊದಲಽ ಬಿಚ್ಚಿ. ತೂತಿಗೆ ಪುಟ್ಟಿ ಮೆತ್ತೂದು ನನಗಂತೂ ಸೇರೂದಿಲ್ಲ. ಹಿಂದಿನಿಂದ ನೀರು ಹೊಕ್ಕು ಮುಂದಿನ ಮಳಿಗಾಲಕ್ಕ ಉಬ್ಬತೈತಿ. ಮಾರೂ ಗಾಡಿಗೆ ಹಂಗ ಮಾಡೋ ಮಂದಿ ಬ್ಯಾರೆ.

ಉಳಿದದ್ದನ್ನ 80 ನಂಬರ್ ಪೇಪರ್‌ಲೆ ಉಜ್ಜಿ, ಥಿನ್ನರ್‌ಲೆ ಒರೆಸಿ, ಅವತ್ತಽ ಎಪಾಕ್ಸಿ ಪ್ರೈಮರ್ (ಜಂಗು ತಡಿಯೂ ಅಡಿಬಣ್ಣ) ಹೊಡೀರಿ. ಬರೇ ಪತ್ರಾ ರಾತ್ರಿ ಬಿಟ್ರ ಮುಂಜಾನೆ ಮತ್ತ ಕೆಂಪಗಾಗಿರತೈತಿ. ತಗ್ಗಿದ್ದಲ್ಲಿ ತೆಳ್ಳಗ ಪುಟ್ಟಿ, ಮ್ಯಾಲೊಂದು ಕೈ ಪ್ರೈಮರ್, ಆಮ್ಯಾಲ 400ರ ವಾಟರ್ ಪೇಪರ್‌ಲೆ ನೀರು ಹಚ್ಚಿ ಉಜ್ಜರಿ.

ಸ್ಪ್ರೇ ಪಿಯು (ಪಾಲಿಯುರೆಥೇನ್) ಬಣ್ಣ ಮನ್ಯಾಗ ಬ್ಯಾಡ. ಬಣ್ಣ ಗಟ್ಟಿಯಾಗ್ಲಿಕ್ಕೆ ಕಲಸೂ ಹಾರ್ಡನರ್‌ದಾಗ ಐಸೊಸೈನೇಟ್ ಅನ್ನೋ ರಾಸಾಯನಿಕ ಇರತೈತಿ, ದಮ್ಮು ಹತ್ತತೈತಿ. ಮೂಗಿಗೆ ಟವೆಲ್ ಕಟ್ಟಿಕೊಂಡ್ರ ತಡಿಯೂದಿಲ್ಲ. ಕ್ಯಾಬಿನ್‌ಗೆ ಆ ಬಣ್ಣ ಬೇಕಾದ್ರ ಪೇಂಟ್ ಬೂತ್ ಇದ್ದ ಗ್ಯಾರೇಜಿಗೆ ಬಿಡ್ರಿ. ಬೆಲ್ಲ, ಗೊಬ್ಬರ ಹೊರೂ ಹಿಂದಿನ ಬಾಡಿಗೆ ಬ್ರಶ್‌ಲೆ ಎರಡು ಕೈ ಎನಾಮಲ್ ಸಾಕು.